ಮೀನುಬುಟ್ಟಿ ಅಂತ ಹೆಸರಿಟ್ಟವನು

ವಿದನ್‌ಶಾ ಬಡಾವಣೆಯವರಿಗೆ ‘ಮೀನುಬುಟ್ಟಿ’ ಅಂತ ಹೆಸರಿಟ್ಟವರು ಯಾರು ಅಂತ ಕೇಳಿದರೆ ಮ್ಯಾಂಚೆಸ್ಟರಿನ ಕನ್ನಡಿಗರು ತಲೆಗೊಂದು ಕಥೆ ಕಟ್ಟುತ್ತಾರೆ. ಬಾಲಕೃಷ್ಣನನ್ನು ಕೇಳಿ ನೋಡಿ, ಮಾತು ಮರೆಸುತ್ತಾನೆ. ಇಟ್ಟವನು ಅವನೇ.

ಪ್ರತಿ ಬೇಸಿಗೆಯ ಪಿಕ್ನಿಕ್ಕಿನಲ್ಲಿ ನಮ್ಮವರದೊಂದು ಫುಟ್‌ಬಾಲ್ ಪಂದ್ಯ. ಒಂದು ಕಡೆ ಡಿಡ್ಸ್‌ಬರಿ ಬಡಾವಣೆಯ ಬೆಂಗಳೂರು, ಮೈಸೂರಿನವರು. ಇನ್ನೊಂದು ಕಡೆ ಏರ್‌ಪೋರ್ಟು, ಆಸ್ಪತ್ರೆಗಳಲ್ಲಿ ದುಡಿಯುವ ವಿದನ್‌ಶಾದ ಕರಾವಳಿಯವರು. ಸೋತವರು ಗೆದ್ದವರಿಗೆ ಊಟ ಬಡಿಸಬೇಕು, ಅದು ಕಟ್ಟಳೆ. ಊರಲ್ಲಾದರೆ ಜಾತಿ ಕೆದಕಿ ಕೇಳಬೇಕು, ಇಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು. ಡಿಡ್ಸ್‌ಬರಿಯವರನ್ನು ಕರಾವಳಿಯವರು ಮೊದಲಿನಿಂದಲೂ ‘ಪುಳಿಚಾರು’ ಅಂತಲೇ ಆಡಿಕೊಳ್ಳುತ್ತಿದ್ದರು, ಮೀನು ಮಾಂಸ ಮುಟ್ಟದೆ ಬರೀ ಸಾರು ಕುಡಿಯೋ ಮಂದಿ ಅಂತ.

2001ರಲ್ಲಿ ಡಿಡ್ಸ್‌ಬರಿಯ ಬಾಲಕೃಷ್ಣ ಸುಲಭದ ಗೋಲೊಂದನ್ನು ಕೈಚೆಲ್ಲಿದ. ‘ಪುಳಿಚಾರಿಗೆ ಕಾಲಲ್ಲಿ ಕಸುವು ಎಲ್ಲಿಂದ ಬರಬೇಕು’ ಅಂತ ಎದುರಿನವರು ನಕ್ಕರು. ವಿದನ್‌ಶಾದ ಗೋಲಿನಲ್ಲಿ ನಿಂತಿದ್ದ ಹರಿಶ್ಚಂದ್ರನೂ ನಕ್ಕ. ಇಬ್ಬರೂ ಜೀವದ ಗೆಳೆಯರು. ತನ್ನ ತಾಯಿ ಜಲಜಮ್ಮ ತಲೆ ಮೇಲೆ ಬುಟ್ಟಿ ಹೊತ್ತು, ಮನೆಮನೆಗೆ ಮೀನು ಮಾರಿ ಓದಿಸಿದ್ದನ್ನು ಅವನು ಬಾಲಕೃಷ್ಣನೊಬ್ಬನ ಹತ್ತಿರ ಮಾತ್ರ ಹೇಳಿಕೊಂಡಿದ್ದ. ಈ ಹಾಳು ಬಾಯಿ ಸುಮ್ಮನಿರಬೇಕಲ್ಲ.

‘ನಗಬೇಡವೋ, ಮೀನುಬುಟ್ಟಿ’ ಅಂದುಬಿಟ್ಟ ಬಾಲಕೃಷ್ಣ. ಡಿಡ್ಸ್‌ಬರಿಯವರು ಚಪ್ಪಾಳೆ ತಟ್ಟಿದರು. ಹರಿಶ್ಚಂದ್ರ ನಗು ನಿಲ್ಲಿಸಿ ಕೈಗವಸು ಸರಿಮಾಡಿಕೊಂಡ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮುಂದಿನ ವರ್ಷಕ್ಕೆ ಇಡೀ ವಿದನ್‌ಶಾ ತಂಡವೇ ಮೀನುಬುಟ್ಟಿಯಾಯಿತು. ಹರಿಶ್ಚಂದ್ರ ಆ ವಿಷಯ ಎತ್ತಲೂ ಇಲ್ಲ, ಸ್ನೇಹ ಬಿಡಲೂ ಇಲ್ಲ. ಬೈದಿದ್ದರೆ ಬಾಲಕೃಷ್ಣ ಕಾಲು ಹಿಡಿಯುತ್ತಿದ್ದ. ಬೈಯದವನ ಹತ್ತಿರ ಕ್ಷಮೆ ಕೇಳುವುದು ಹೇಗೆ? ವರ್ಷಗಟ್ಟಲೆ ಒಳಗೊಳಗೇ ಬೆಂದ.

2007ರಲ್ಲಿ ಜಲಜಮ್ಮ ಮಗನ ಮನೆಗೆ ಬಂದರು. ಪಂದ್ಯದ ದಿನ ಮೈದಾನದ ಅಂಚಿಗೆ ಶಾಲು ಹೊದ್ದು ಕೂತಿದ್ದರು. ಇವತ್ತು ತಾಯಿ ಮಗ ಇಬ್ಬರ ಕ್ಷಮೆಯನ್ನೂ ಕೇಳಿಯೇ ತೀರಬೇಕು ಅಂತ ಬಾಲಕೃಷ್ಣ ಗಟ್ಟಿ ಮನಸ್ಸು ಮಾಡಿ ಬಂದಿದ್ದ. ಆಟ ಮುಗಿದು, ಇಬ್ಬರು ಗೆಳೆಯರೂ ಜಲಜಮ್ಮನ ಹತ್ತಿರ ಬರುವಷ್ಟರಲ್ಲಿ, ಗೆದ್ದ ಡಿಡ್ಸ್‌ಬರಿಯವರು ‘ಮೀನುಬುಟ್ಟಿ, ಮೀನುಬುಟ್ಟಿ’ ಅಂತ ಕೂಗತೊಡಗಿದರು.

‘ನನ್ನ ಬುಟ್ಟಿ ವಿಷಯ ಇವರಿಗೆ ಯಾರು ಹೇಳಿದ್ದು?’ ಅಂತ ಜಲಜಮ್ಮ ಮಗನನ್ನು ಕೇಳಿದರು.

ಬಾಲಕೃಷ್ಣ ಬಾಯಿ ತೆರೆದ. ಹರಿಶ್ಚಂದ್ರ ಅವನತ್ತ ನೋಡಲೇ ಇಲ್ಲ.

‘ನಾನೇ ಅಮ್ಮ’ ಅಂದ.

‘ಶಾಲೆಗೆ ಹೋಗುವಾಗ ದಾರಿಯಲ್ಲಿ ನನ್ನನ್ನು ಕಂಡರೆ ಅಡಗಿ ಕೂರ್ತಿದ್ದೆ. ಈಗ ನೀನೇ ಎಲ್ಲರ ಹತ್ತಿರ ಹೇಳಿಕೊಂಡೆಯಾ?’ ಅವರ ಕಣ್ಣು ತುಂಬಿತು. ಮಗನ ಕೆನ್ನೆ ಸವರಿದರು.

ಈಗ ನಿಜ ಹೇಳಿದರೆ ಆ ಸುಖವನ್ನೂ ಕಿತ್ತುಕೊಂಡ ಹಾಗೆ. ಬಾಲಕೃಷ್ಣ ಬಾಯಿ ಮುಚ್ಚಿದ.

ಊಟಕ್ಕೆ ಕೂತಾಗ ಹರಿಶ್ಚಂದ್ರ ಬಡಿಸುತ್ತ ಬಂದ. ಗೆಳೆಯನಿಗೋಸ್ಕರ, ಪ್ರತಿ ವರ್ಷದಂತೆ, ಮೀನಿಗೆ ತಾಗಿಸದ ಬೇರೆಯೇ ಸೌಟು ಮನೆಯಿಂದ ತಂದಿದ್ದ.

‘ಸಾರು ಇನ್ನೊಂದು ಸೌಟು ಹಾಕಲಾ?’ ಅಂದ. ಬಾಲಕೃಷ್ಣ ತಟ್ಟೆ ಮುಂದೆ ಹಿಡಿದ, ಹರಿಶ್ಚಂದ್ರ ಬಡಿಸಿದ.