ಅಂಚಿಗೂ ಪಾಲಿಶ್ ಹಚ್ಚಿದ ಅತ್ತೆ

ನಮ್ಮತ್ತೆ ಡ್ರಮ್ ಸೆಟ್ ತಂದ ದಿನ ನಾನು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದೆ. ಆಮೇಲೆ ಎಷ್ಟೋ ದಿನ ನನಗೆ ಆ ಭಾಗ್ಯ ಸಿಗಲಿಲ್ಲ, ಏಕೆಂದರೆ ಸೋಫಾದ ಮೇಲೆ ಡ್ರಮ್ಮುಗಳೇ ಕೂತಿದ್ದವು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುವುದನ್ನು ಕಲಿತೆ.

ಅತ್ತೆ ಎಂದರೆ ನನ್ನ ಗಂಡನನ್ನು ಹೆತ್ತವರು. ವಯಸ್ಸು ಐವತ್ತು ದಾಟಿದೆ, ಆದರೆ ಅದನ್ನು ಅವರಿಗೆ ಯಾರೂ ಸರಿಯಾಗಿ ತಿಳಿಸಿ ಹೇಳಿಲ್ಲ. ಕೆಲಸ, ಮರದ ಸಾಮಾನುಗಳಿಗೆ ಪಾಲಿಶ್ ಹಾಕುವುದು. ಮೇಜು, ಕಪಾಟು, ಮಂಚ, ಬಾಗಿಲು, ಯಾವುದೇ ಇರಲಿ, ಅವರ ಕೈಯಿಂದ ಹೊರಬಂದ ಮೇಲೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಪಾಲಿಶ್ ಎಂದರೆ ಅವರದು ಎತ್ತಿದ ಕೈ. ಈ ವಿಷಯ ಅವರಿಗೂ ಚೆನ್ನಾಗಿ ಗೊತ್ತಿದೆ. ಯಾರ ಮನೆಗೆ ಹೋದರೂ ಮೊದಲು ಮೇಜಿನ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾರೆ. ನಮ್ಮ ತವರಿಗೆ ಮೊದಲ ಸಲ ಬಂದಾಗ ನನ್ನ ಮುಖ ನೋಡುವ ಮೊದಲೇ ಊಟದ ಮೇಜನ್ನು ಸವರಿ ಮೂಗು ಮುರಿದಿದ್ದರು. ನಾನು ಪಾಸಾದೆ, ಮೇಜು ಫೇಲಾಯಿತು.

ಅವರ ಇನ್ನೊಂದು ಹುಚ್ಚು ಬಾರಿಸುವುದು. ಪಾಲಿಶ್ ಡಬ್ಬದ ಮುಚ್ಚಳ, ಊಟದ ತಟ್ಟೆ, ಬಸ್ಸಿನ ಕಂಬಿ, ಮಾವನ ಬೆನ್ನು, ಯಾವುದನ್ನೂ ಬಿಡುತ್ತಿರಲಿಲ್ಲ. ಕೊನೆಗೆ, ಶಾಲೆಯೊಂದರ ಸಂಗೀತದ ಮೇಷ್ಟ್ರ ಕಪಾಟಿಗೆ ಪಾಲಿಶ್ ಹಾಕಲು ಹೋದವರು ಅವರಿಗೇ ಗಂಟುಬಿದ್ದು, ಭಾನುವಾರದ ಬೆಳಗ್ಗೆ ಶಾಲೆಯ ಡ್ರಮ್ ಸೆಟ್ಟಿನ ಮೇಲೆ ಕಲಿಯತೊಡಗಿದರು. ಎರಡು ವರ್ಷ ಬಿಡದೆ ಹೋದರು. ಮನೆಗೆ ಬಂದು ದಿಂಬುಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು. ನಮ್ಮ ಮನೆಯ ದಿಂಬುಗಳಷ್ಟು ಮೆತ್ತಗಿನ ದಿಂಬು ಬೇರೆಲ್ಲೂ ಇರಲಾರದು.

ಹೀಗಿರುವಾಗ ಅತ್ತೆಗೆ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರು ಗಿಟಾರ್ ಬಾರಿಸುತ್ತಾರೆ, ಅವರದೊಂದು ಸಣ್ಣ ವಾದ್ಯತಂಡವಿದೆ. ಅಂಚೆ ಹಂಚುವ ಹೆಂಗಸು ಹಾಡುತ್ತಾಳೆ, ಬೇಕರಿಯವನು ಕೀಬೋರ್ಡ್ ನುಡಿಸುತ್ತಾನೆ. ಅವರ ಡ್ರಮ್ಮರಿಗೆ ವರ್ಗವಾಗಿ, ಆತ ಊರು ಬಿಟ್ಟು ಹೋದ ಮೇಲೆ ಡಾಕ್ಟರು ಗುಂಡಿ ಒತ್ತಿದರೆ ತಾಳ ಹಾಕುವ ಒಂದು ಮೆಷಿನ್ ತಂದಿಟ್ಟುಕೊಂಡಿದ್ದರು. ಹಲ್ಲು ಕೀಳುತ್ತಾ ಈ ಕಷ್ಟವನ್ನು ನರ್ಸ್ ಬಳಿ ಹೇಳಿಕೊಂಡರಂತೆ. ಅತ್ತೆ ಬಾಯಿ ತುಂಬಾ ಹತ್ತಿ ಇಟ್ಟುಕೊಂಡೇ ಎದ್ದು ಕೂತು, ಎರಡೂ ಕೈಯಲ್ಲಿ ಗಾಳಿಯನ್ನು ಬಾರಿಸಿ, ಎದೆ ಮುಟ್ಟಿಕೊಂಡು ತೋರಿಸಿದರಂತೆ.

"ನಿಮ್ಮತ್ರ ಡ್ರಮ್ ಸೆಟ್ ಇದೆಯಾ?" ಎಂದು ಡಾಕ್ಟರು ಕೇಳಿದರು.

ಅತ್ತೆ ಇದೆ ಎಂದು ತಲೆಯಾಡಿಸಿಬಿಟ್ಟರು. ಮನೆಯಲ್ಲಿ ಇದ್ದದ್ದು ಒಂದು ಜೊತೆ ಕೋಲು.

"ಹಾಗಾದ್ರೆ ಮುಂದಿನ ತಿಂಗಳು ಮೊದಲನೇ ಶನಿವಾರ ನಾವು ಪ್ರಾಕ್ಟೀಸ್ ಮಾಡೋ ಹಾಲ್‌ಗೆ ತಗೊಂಡು ಬನ್ನಿ. ಬಾರಿಸಿ ತೋರಿಸಿ. ಸರಿಹೋದ್ರೆ ನೀವು, ಇಲ್ಲಾಂದ್ರೆ ಮೆಷಿನ್ನು. ಅದರ ಮುಂದಿನ ವಾರಾನೇ ನಮ್ಮ ಪ್ರೋಗ್ರಾಂ, ಆಮೇಲೆ ನಂಗೆ ಕಾಯೋಕಾಗಲ್ಲ."

ಊದಿದ ಕೆನ್ನೆ ಹಿಡಿದುಕೊಂಡು ಮನೆಗೆ ಬಂದ ಅತ್ತೆಯ ಕಾಲು ನೆಲದ ಮೇಲಿರಲಿಲ್ಲ. ಹೊಸ ಸೆಟ್ಟಿನ ಬೆಲೆ ಕೇಳಿದ ಮೇಲೆ ನೆಲಕ್ಕೆ ಬಂದರು. ಆಮೇಲೆ ಕಂಡಕಂಡ ಕಡೆಯೆಲ್ಲ ವಿಚಾರಿಸಿದರು. ಕೊನೆಗೆ ಅದು ಸಿಕ್ಕಿದ್ದು ಅವರು ಕೆಲಸಕ್ಕೆ ಹೋಗಿದ್ದ ಹಳೇ ಹೋಟೆಲಿನ ನೆಲಮಾಳಿಗೆಯಲ್ಲಿ. ಮುರಿದ ಕುರ್ಚಿಗಳ ಹಿಂದೆ, ಟಾರ್ಪಾಲಿನ ಕೆಳಗೆ, ಒಂದು ಕಾಲದಲ್ಲಿ ಅಲ್ಲಿನ ಡಾನ್ಸ್ ಹಾಲಿನಲ್ಲಿ ಬಾರಿಸುತ್ತಿದ್ದ ಇಡೀ ಸೆಟ್ಟು. ಕಾಲಲ್ಲಿ ಒದ್ದು ಬಾರಿಸುವ ದೊಡ್ಡ ಡ್ರಮ್ಮು, ಅದಕ್ಕಿಂತ ಚಿಕ್ಕವು ಮೂರು, ತಗಡಿನ ಮೈಯ ಸ್ನೇರ್ ಡ್ರಮ್ಮು ಒಂದು, ಎರಡು ತಾಳದ ತಟ್ಟೆ. ಗುಜರಿಗೆ ಹಾಕಲು ಇಟ್ಟಿದ್ದ ಅದನ್ನು ಮ್ಯಾನೇಜರು ಒಂದು ಜೊತೆ ಚಪ್ಪಲಿಯ ಬೆಲೆಗೆ ಕೊಟ್ಟುಬಿಟ್ಟ.

ಸರಕು ಸಾಗಿಸುವ ವ್ಯಾನ್ ಓಡಿಸುವ ನನ್ನ ಗಂಡನೇ ಅದನ್ನು ಹೊತ್ತು ತಂದ. ಡ್ರಮ್ಮಿನ ಬಾಯಿಗೆ ಬಿಗಿದಿದ್ದ ಹರಿದ ಹಾಳೆಯೊಳಗೆ ಇಣುಕಿ, "ಅಮ್ಮಾ, ಇದನ್ನ ಬಾರಿಸ್ತೀಯೋ, ಇದರಲ್ಲಿ ಗಿಡ ನೆಡ್ತೀಯೋ?" ಎಂದ. ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ಇಲಿಯ ಹಳೇ ಸಂಸಾರವಿತ್ತು. ಮೈಗೆ ಸುತ್ತಿದ್ದ ಮಿರಿಮಿರಿ ಕೆಂಪು ಪ್ಲಾಸ್ಟಿಕ್ಕಿನ ತುಂಬ ಸಿಗರೇಟಿನಿಂದ ಸುಟ್ಟ ಕಲೆಗಳು.

"ಬಾಯಿ ಮುಚ್ಕೊಂಡು ಆ ಕಡೆಯಿಂದ ಹಿಡ್ಕೋ" ಎಂದರು ಅತ್ತೆ.

ಸೈಕಲ್ ಅಂಗಡಿ ಇಟ್ಟಿರುವ ಮಾವ ಲೋಹದ ಸಾಮಾನನ್ನೆಲ್ಲ ಬಿಚ್ಚಿ ಬಕೆಟ್ಟಿಗೆ ತುಂಬಿಕೊಂಡು ಹೋದರು. ಸೀಮೆಎಣ್ಣೆ, ಹಿತ್ತಾಳೆ ಬ್ರಷ್ಷು ಹಿಡಿದು ತುಕ್ಕು ಉಜ್ಜಿ, ಡ್ರಮ್ಮಿನ ಬಾಯಿಗೆ ಕೂರುವ ಬಳೆಗಳನ್ನು ಸೈಕಲ್ಲಿನ ರಿಮ್ಮಿನಂತೆ ತಿರುಗಿಸಿ ನೋಡಿ, ಸೊಟ್ಟವಿದ್ದಲ್ಲಿ ಮರದ ಸುತ್ತಿಗೆಯಿಂದ ಸರಿಮಾಡಿದರು. ಮಾತು ಕಡಿಮೆಯ ಮನುಷ್ಯ, ಆದರೆ ಆ ದಿನಗಳಲ್ಲಿ ಅಂಗಡಿಯಿಂದ ಸಿಳ್ಳೆ ಕೇಳಿಸುತ್ತಿತ್ತು.

ಪ್ಲಾಸ್ಟಿಕ್ ಕೀಳುವ ದಿನ ನನ್ನ ಕೂದಲು ಒಣಗಿಸುವ ಯಂತ್ರ ಮಾಯವಾಗಿತ್ತು. ಹುಡುಕಿಕೊಂಡು ಹೊರಬಂದರೆ, ಅತ್ತೆ ಅದರಿಂದ ಡ್ರಮ್ಮಿಗೆ ಬಿಸಿಗಾಳಿ ಊದುತ್ತಾ ಅಂಟು ಕರಗಿಸುತ್ತಿದ್ದಾರೆ! ಜಗಳಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಪ್ಲಾಸ್ಟಿಕ್ಕಿನ ತುದಿ ಹಿಡಿದು ಎಳೆದರು. ಚರ್ರೆಂದು ಅದು ಬಿಚ್ಚಿಕೊಳ್ಳುತ್ತಾ ಬಂತು, ಕೆಳಗೆ ಕೆಂಗಂದು ಬಣ್ಣದ ಮರ, ನೆಟ್ಟಗೆ ಹರಿದ ಸಣ್ಣ ಗೆರೆಗಳು, ಒಂದು ಗಂಟಿಲ್ಲ, ಒಂದು ಬಿರುಕಿಲ್ಲ.

"ಮಹಾಗನಿ ಕಣೇ!" ಅತ್ತೆ ಮರಕ್ಕೆ ಮೂಗು ತಾಗಿಸಿ ವಾಸನೆ ನೋಡಿದರು. "ಇಂಥ ಮರಕ್ಕೆ ಪ್ಲಾಸ್ಟಿಕ್ ಹೊದಿಸಿದ ಪುಣ್ಯಾತ್ಮ ಯಾರೇ?"

ನನಗೂ ಮೈ ಜುಮ್ಮೆಂದಿತು. ಜಗಳ ಮರೆತೇಹೋಯಿತು. "ಕೊಡಿ ಇಲ್ಲಿ, ಇನ್ನೊಂದನ್ನ ನಾನು ಎಳೀತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೆ. ಉಳಿದ ಮೂರನ್ನೂ ನಾವಿಬ್ಬರೇ ಸುಲಿದೆವು.

ಆಮೇಲೆ ಶುರುವಾಯಿತು ನೋಡಿ ಅತ್ತೆಯ ಪಾಲಿಶ್. ಮರ ಉಜ್ಜುವ ಒರಟು ಕಾಗದ, ನಯ ಕಾಗದ, ಅದಕ್ಕಿಂತ ನಯದ ಕಾಗದ. ಮರದ ರಂಧ್ರ ಮುಚ್ಚಲು ಒಂದು ಕೈ ಸೀಲರ್, ಹೊಳಪಿಗೆ ಒಂದು ಕೈ ಲ್ಯಾಕರ್, ಒಣಗಿದ ಮೇಲೆ ಉಜ್ಜಿ ಮತ್ತೊಂದು ಕೈ, ಅದರ ಮೇಲೆ ಮತ್ತೊಂದು. ಕೆಲಸದಿಂದ ಬಂದು ಕಾಲು ತೊಳೆಯುವ ಮೊದಲೇ ಬ್ರಷ್ ಹಿಡಿಯುತ್ತಿದ್ದರು. ನಾವೆಲ್ಲ ಲ್ಯಾಕರಿನ ವಾಸನೆಯಲ್ಲೇ ಉಂಡೆವು. ನಾನು ಒಮ್ಮೆ, "ಸಾಕು ಅತ್ತೆ, ಇನ್ನು ಹಚ್ಚಿದ್ರೆ ಡ್ರಮ್ಮು ದಪ್ಪ ಆಗುತ್ತೆ" ಎಂದು ತಮಾಷೆ ಮಾಡಿದ್ದಕ್ಕೆ ನನ್ನನ್ನು ನುಂಗುವಂತೆ ನೋಡಿದರು. ಬರೀ ಮೈಗಲ್ಲ, ಡ್ರಮ್ಮಿನ ಬಾಯಿಯ ಅಂಚಿಗೂ, ಅಂದರೆ ಬಾರಿಸುವ ಹಾಳೆ ಕೂರುವ ಜಾಗಕ್ಕೂ, ಅಷ್ಟೇ ಅಕ್ಕರೆಯಿಂದ ಹಚ್ಚಿದರು. ಅಂಚು ಬಿಡುವುದು ಅವರ ಪ್ರಕಾರ ಕಳ್ಳ ಕೆಲಸ, ಹಾಗೆ ಬಿಟ್ಟ ಕೆಲಸಗಾರರನ್ನು ಅವರು ತಮ್ಮ ವರ್ಕ್‌ಶಾಪಿನಲ್ಲಿ ನಿಲ್ಲಿಸಿ ನೀರಿಳಿಸಿದ್ದುಂಟು.

ಮುಗಿದಾಗ ಮಾತ್ರ, ನಿಜ ಹೇಳುತ್ತೇನೆ, ಕಣ್ಣು ಕೀಳಲಾಗಲಿಲ್ಲ. ಮೇಲಿನ ಮನೆಯಾಕೆ ನೋಡಲು ಬಂದವಳು ದೊಡ್ಡ ಡ್ರಮ್ಮಿನಲ್ಲಿ ನೋಡಿಕೊಂಡು ತುರುಬು ಸರಿಮಾಡಿಕೊಂಡಳು. ಅತ್ತೆ ನನ್ನ ಕಿವಿಯಲ್ಲಿ, "ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾವ್ದನ್ನೂ ಮಾಡಿಲ್ಲ" ಎಂದರು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅತ್ತೆ, ಮಾವ, ನಾನು ಜೋಡಿಸಲು ಕೂತೆವು. ಮರುದಿನವೇ ಹಾಲ್‌ಗೆ ಹೋಗಬೇಕು. ಮೊದಲು ಒಂದು ಚಿಕ್ಕ ಡ್ರಮ್ಮಿಗೆ ಹೊಸ ಹಾಳೆ ಇಟ್ಟು, ಮೇಲೆ ಬಳೆ ಇಟ್ಟು, ಮಾವ ಚಕ್ರದ ಕಡ್ಡಿ ಬಿಗಿಯುವಂತೆ ಎದುರುಬದುರು ಬೋಲ್ಟು ತಿರುಗಿಸುತ್ತಾ ಬಂದರು. ಅತ್ತೆ ಕೋಲೆತ್ತಿ ಒಂದೇಟು ಹಾಕಿದರು.

ಡಬ್.

ಬಟ್ಟೆ ತುಂಬಿದ ಸೂಟ್‌ಕೇಸಿಗೆ ಹೊಡೆದ ಹಾಗಿತ್ತು. ಮಾವ ಇನ್ನಷ್ಟು ಬಿಗಿದರು. ಮತ್ತೆ ಡಬ್. ಎಷ್ಟು ಬಿಗಿದರೂ ಹಾಳೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ಹರಿಯುವಷ್ಟು ಬಿಗಿ. ಅತ್ತೆಯ ಮುಖ ಇಷ್ಟಕ್ಕಿಷ್ಟಾಯಿತು. 

ಮಾವ ಹಾಳೆ ಬಿಚ್ಚಿದರು. ಡ್ರಮ್ಮನ್ನು ಗಾಜಿನ ಟೀಪಾಯಿಯ ಮೇಲೆ ಬಾಯಿ ಕೆಳಗಾಗಿ ಇಟ್ಟು, ಒಳಗೆ ಟಾರ್ಚ್ ಹಚ್ಚಿ, ನನಗೆ ಪರದೆ ಎಳೆಯಲು ಹೇಳಿದರು. ಕತ್ತಲಲ್ಲಿ ಡ್ರಮ್ಮಿನ ಬಾಯಿಯ ಸುತ್ತ ಅಲ್ಲಲ್ಲಿ ಬೆಳಕು ಸೋರಿತು.

"ನಿನ್ನ ಲ್ಯಾಕರ್ ಅಂಚಲ್ಲಿ ತುಟಿ ಕಟ್ಟಿದೆ ಕಣೇ" ಎಂದರು ಮಾವ. "ಒಂದ್ಕಡೆ ದಪ್ಪ, ಒಂದ್ಕಡೆ ತೆಳು. ಹಾಳೆ ಮರದ ಮೇಲೆ ಕೂತೇ ಇಲ್ಲ."

"ನನ್ನ ಪಾಲಿಶಲ್ಲಿ ತಪ್ಪು ಹುಡುಕ್ತೀರಾ?" ಅತ್ತೆ ಸೆಟೆದು ನಿಂತರು. ಮೇಷ್ಟ್ರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಅವರ ದನಿ ಇಡೀ ಕೋಣೆಗೆ ಕೇಳಿಸಿತು. "ಅಂಚಿಗೆ ಪಾಲಿಶ್ಶಾ? ಅಯ್ಯಯ್ಯೋ, ಆ ಜಾಗ ಬೋಳು ಮರ ಇರ್ಬೇಕು ಕಣಮ್ಮ! ಮಟ್ಟವಾಗಿ, ಚೂಪಾಗಿ!"

ಅತ್ತೆ ಫೋನಿಟ್ಟರು. ಆಮೇಲೆ ಒರಟು ಕಾಗದವನ್ನು ಗಾಜಿಗೆ ಅಂಟಿಸಿ, ಡ್ರಮ್ಮನ್ನು ಬೋರಲು ಹಾಕಿ, ಎರಡೂ ಕೈಯಲ್ಲಿ ಹಿಡಿದು ಸುತ್ತ ಉಜ್ಜತೊಡಗಿದರು. ಕೆಲವು ಸುತ್ತು ಸರಿಯಾಗೇ ಹೋಯಿತು. ಮರುಸುತ್ತಿಗೆ ಚಟ್ ಎಂದಿತು. ಅಂಚಿನಿಂದ ಲ್ಯಾಕರಿನ ಒಂದು ಚಕ್ಕೆ ಹಾರಿಹೋಯಿತು, ಅದರ ಜೊತೆ ಕನ್ನಡಿಯಂಥ ಮೈಯಲ್ಲೂ ಉಗುರಿನಷ್ಟು ದೊಡ್ಡ ಗಾಯ, ಬಳೆಯ ಕೆಳಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ.

ಅತ್ತೆ ಕೈ ಬಿಟ್ಟರು. "ನಾಳೆ ನಾನು ಹೋಗಲ್ಲ."

"ಏನಂದ್ರಿ?"

"ಮುಖದ ಮೇಲೆ ಗಾಯ ಇರೋದನ್ನ ಹೊತ್ಕೊಂಡು ನಾಲ್ಕು ಜನರ ಮುಂದೆ ಹೋಗ್ಲಾ? ಆ ಡಾಕ್ಟರ ಕೌಂಟರ್ ಪಾಲಿಶ್ ಮಾಡಿರೋದು ನಾನು ಕಣೇ. ಇದನ್ನ ಸರಿಮಾಡೋಕೆ ವಾರ ಬೇಕು. ಮೆಷಿನ್ನೇ ಇಟ್ಕೊಳ್ಳಲಿ." ಹಾಗೆಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೈ ಉಜ್ಜತೊಡಗಿದರು.

ನನಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ನನ್ನ ದಿಂಬುಗಳನ್ನು ಚಚ್ಚಿದ್ದು ಇದಕ್ಕಾ? ಆದರೆ ಅತ್ತೆಯ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನೇ ಡ್ರಮ್ಮನ್ನು ಹಿಡಿದು ಉಳಿದ ಅಂಚನ್ನು ಉಜ್ಜಿದೆ. ಇನ್ನೆರಡು ಚಕ್ಕೆ ಹಾರಿದವು, ಹಾರಲಿ ಎಂದೆ. ಮಾವ ಟಾರ್ಚ್ ಇಟ್ಟು ನೋಡಿದರು. ಬೆಳಕು ಎಲ್ಲೂ ಸೋರಲಿಲ್ಲ. ಹಾಳೆ ತಾನಾಗೇ ಜಾರಿ ಕೂತುಕೊಂಡಿತು. ಮಾವ ಬೋಲ್ಟು ಬಿಗಿದರು. ನನಗೆ ಡ್ರಮ್ ಬಾರಿಸಲು ಬರುವುದಿಲ್ಲ. ಇದ್ದ ಸಿಟ್ಟನ್ನೆಲ್ಲ ಕೋಲಿಗೆ ಹಾಕಿ ಒಂದೇಟು ಬಿಟ್ಟೆ.

ಅಬ್ಬಾ! ಆ ನಾದ ನನ್ನ ಮೊಣಕೈವರೆಗೂ ಏರಿತು. ದುಂಡಗೆ, ತುಂಬಿದ ದನಿ, ಕಪಾಟಿನಲ್ಲಿದ್ದ ಲೋಟಗಳೂ ಸಣ್ಣಗೆ ಗುಂಯ್‌ಗುಟ್ಟಿದವು. ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು.

ಬಚ್ಚಲಲ್ಲಿ ನಲ್ಲಿ ನಿಂತಿತು. ಅತ್ತೆ ಸೋಪಿನ ಕೈಯಲ್ಲೇ ಓಡಿಬಂದರು.

"ಇನ್ನೊಂದ್ಸಲ ಹೊಡಿ."

ಹೊಡೆದೆ.

"ಕೊಡೇ ಇಲ್ಲಿ!" ಕೋಲು ಕಿತ್ತುಕೊಂಡು ಅವರೇ ಬಾರಿಸಿದರು. ನಿಧಾನಕ್ಕೆ, ಜೋರಾಗಿ, ಅಂಚಿಗೆ, ನಡುವಿಗೆ. ಸೋಪಿನ ನೊರೆ ಹಾಳೆಯ ಮೇಲೆ ಕುಣಿಯಿತು. ಅವರು ಚಿಕ್ಕ ಮಗುವಿನಂತೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಆಮೇಲೆ ಕೋಲು ಬಿಸಾಡಿ ದೊಡ್ಡ ಡ್ರಮ್ಮನ್ನೇ ತಬ್ಬಿ ಎತ್ತಿ ಕಾಗದದ ಮೇಲೆ ಬೋರಲು ಹಾಕಿದರು. ಚಟ್, ಚಟ್ ಎಂದು ಚಕ್ಕೆಗಳು ಹಾರುತ್ತಿದ್ದರೆ, "ಹೋಗು, ಹೋಗು, ನೀನೂ ಹೋಗು" ಎಂದು ಅವನ್ನು ಬೀಳ್ಕೊಡುತ್ತಿದ್ದರು. ತಮ್ಮ ಜೀವಮಾನದ ಪಾಲಿಶನ್ನು ತಾವೇ ಕೆರೆದು ಹಾಕುತ್ತಾ ಅಷ್ಟು ಖುಷಿಪಟ್ಟವರನ್ನು ನಾನಂತೂ ಬೇರೆ ನೋಡಿಲ್ಲ. ಸಂಜೆ ನನ್ನ ಗಂಡ ಬಂದಾಗ ಇಡೀ ಮನೆ ಅದುರುತ್ತಿತ್ತು, ಮೇಲಿನ ಮನೆಯಾಕೆ ಬೈಯಲು ಬಂದವಳು ಬಾಗಿಲಲ್ಲೇ ನಿಂತು ತಲೆದೂಗುತ್ತಿದ್ದಳು.

ಶನಿವಾರ ಹಾಲ್‌ನಲ್ಲಿ ಮೆಷಿನ್ನು ಮೇಜಿನ ಮೇಲೆ ಹಸಿರು ದೀಪ ಮಿಟುಕಿಸುತ್ತಾ ತಯಾರಾಗಿ ಕೂತಿತ್ತು. ನಾವು ಹಿಂದಿನ ಕುರ್ಚಿಗಳಲ್ಲಿ ಜೀವ ಕೈಯಲ್ಲಿ ಹಿಡಿದು ಕೂತೆವು. ಮೊದಲ ಹಾಡು ಶುರುವಾಯಿತು. ಅತ್ತೆ ಖುಷಿಗೆ ಬೇಗಬೇಗ ಬಾರಿಸಿದರು. ಡಾಕ್ಟರು ಗಿಟಾರ್ ನಿಲ್ಲಿಸಿ, "ಸ್ವಲ್ಪ ಓಡ್ತಾ ಇದ್ದೀರಲ್ಲಾ" ಎಂದರು. 

ಉತ್ತರ ಕೊಟ್ಟವಳು ಹಾಡುವ ಅಂಚೆಯಾಕೆ. "ಓಡ್ಲಿ ಬಿಡಿ ಡಾಕ್ಟ್ರೇ. ಆ ಮೆಷಿನ್ ಜೊತೆ ಹಾಡಿ ಹಾಡಿ ನಂಗೆ ತೂಕಡಿಕೆ ಬಂದ್ಬಿಟ್ಟಿತ್ತು. ಇವತ್ತು ಎಚ್ಚರ ಆಯ್ತು. ಮತ್ತೆ ಹಿಡೀರಿ, ಹಿಂಗೇ!"

ಮತ್ತೆ ಹಿಡಿದರು. ಈ ಸಲ ಹಾಡು ಎಲ್ಲರನ್ನೂ ಎತ್ತಿಕೊಂಡು ಹೋಯಿತು. ಎರಡನೆಯದಕ್ಕೆ ಡಾಕ್ಟರ ಕಾಲೂ ಕುಣಿಯತೊಡಗಿತು. ನನ್ನ ಗಂಡ ಕುರ್ಚಿಯ ಬೆನ್ನನ್ನು ಬಾರಿಸುತ್ತಿದ್ದ, ಮಾವ ಕಣ್ಣು ಮುಚ್ಚಿ ಕೂತಿದ್ದರು.

ಹಾಡು ಮುಗಿದ ಮೇಲೆ ಬೇಕರಿಯವನು ಹತ್ತಿರ ಬಂದು ಡ್ರಮ್ಮಿನ ಮೈಯನ್ನು ಬೆರಗಿನಿಂದ ನೋಡಿದ. ಆಮೇಲೆ ಬಳೆಯ ಕೆಳಗಿನ ಗಾಯಗಳ ಮೇಲೆ ಬೆರಳಾಡಿಸಿ ಲೊಚಗುಟ್ಟಿದ. "ಯಾರ್ರೀ ಇದಕ್ಕೆ ಪಾಲಿಶ್ ಮಾಡಿದ್ದು? ಸುತ್ತ ಕಿತ್ತು ಹೋಗಿದೆ ನೋಡಿ."

ಡಾಕ್ಟರಿಗೆ ಅತ್ತೆಯ ಕಸುಬು ಗೊತ್ತಿತ್ತು. ಅವರು ಮುಜುಗರದಿಂದ ಗಿಟಾರಿನ ತಂತಿ ಸರಿಮಾಡುವಂತೆ ನಟಿಸಿದರು. ನನ್ನ ಗಂಡ ಏನೋ ಹೇಳಲು ಬಾಯಿ ತೆರೆದ, ನಾನು ಅವನ ಕಾಲು ತುಳಿದೆ.

"ಯಾರೋ ಪಾಲಿಶ್‌ನೋಳು" ಎಂದರು ಅತ್ತೆ ಹಣೆಯ ಬೆವರು ಒರೆಸಿಕೊಳ್ಳುತ್ತಾ. "ನಾನು ಡ್ರಮ್ಮರು. ಮುಂದಿನ ಹಾಡು ಯಾವ್ದು?"

ಡಾಕ್ಟರು ಎದ್ದು ಹೋಗಿ ಮೆಷಿನ್ನಿನ ಪ್ಲಗ್ ಕಿತ್ತು, ವೈರು ಸುತ್ತಿ ಪಕ್ಕಕ್ಕಿಟ್ಟು, ಹಾಡಿನ ಹೆಸರು ಹೇಳಿದರು.