ರಂದಾ ಮಷೀನಿನ ನಾಲ್ಕು ಸ್ಕ್ರೂ

ಮಾವ, ರಂದಾ ಮಷೀನಿನ ಸ್ಕ್ರೂ ಬಿಚ್ಚಿದವಳು ನಾನು. ನಿಮ್ಮ ಬೆರಳು ಹೋದ ಮೇಲೆ, ಯಾರೂ ನೋಡದಾಗ, ಅವನ್ನು ಮತ್ತೆ ಬಿಗಿದವಳೂ ನಾನೇ. ದೇವಿಯ ಸಿಟ್ಟು ಅಲ್ಲಿ ಎಲ್ಲೂ ಇರಲಿಲ್ಲ.

ನಾನು ಹುಕ್ಕೇರಿಯಿಂದ ಕಲ್ಲೋಳಿಯ ನಿಮ್ಮ ಬಡಿಗರ ಮನೆಗೆ ಸೊಸೆಯಾಗಿ ಬಂದ ವರ್ಷವದು. ನವರಾತ್ರಿಯಲ್ಲಿ ಹತಾರುಗಳನ್ನು ಪೂಜಿಸುವ ಖಂಡೇಪೂಜೆಗೆ, ನೀವು ಹಲಗೆ ಹೆರೆಯುವ ಆ ಮಷೀನು ತೊಳೆಯುವ ಕೆಲಸ ನನಗೆ ಬಂತು. ಹೊಸ ಸೊಸೆ, ಕೈಚಳಕ ತೋರಿಸುವ ಹುಮ್ಮಸ್ಸು — ಅಲಗಿನ ಮೇಲೆ ಮುಚ್ಚಿದ್ದ ತಗಡನ್ನೂ ಬಿಚ್ಚಿ, ಅದರ ನಾಲ್ಕು ಸ್ಕ್ರೂ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದೆ. ಪೂಜೆ ಸಲ್ಲಬೇಕಾದದ್ದು ಅಲಗಿಗೇ ಅಲ್ಲವೇ ಎಂದುಕೊಂಡು ಅದಕ್ಕೇ ವಿಭೂತಿ ಹಚ್ಚಿದೆ. ಆಮೇಲೆ ತಗಡನ್ನು ಸುಮ್ಮನೆ ಮೇಲಿಟ್ಟು, ಸ್ಕ್ರೂವಿನ ಖಾಲಿ ತೂತುಗಳ ಮೇಲೆ ಕುಂಕುಮ ಮೆತ್ತಿ, ಚೆಂಡುಹೂವಿನ ಮಾಲೆ ಇಳಿಬಿಟ್ಟೆ. "ಭಾಳ ಚಂದ ಮಾಡೀದಿ ನೋಡವ್ವಾ" ಎಂದಿರಿ ನೀವು. ನಾನು ಉಬ್ಬಿಹೋದೆ. ಸ್ಕ್ರೂ ಬಟ್ಟಲಲ್ಲೇ ಉಳಿದವು.

ಪೂಜೆ ಎತ್ತುವ ತನಕ ಮಷೀನು ಮುಟ್ಟಬಾರದು. ಆದರೆ ಓಣಿಯ ಕೂಸಿನ ತೊಟ್ಟಿಲು ಅರ್ಧಕ್ಕೆ ನಿಂತಿತ್ತು. ಒಂದು ಹಲಗೆ ತಾನೇ ಎಂದು ಮರುದಿನ ಬೆಳಿಗ್ಗೆ ನೀವು ಮಾಲೆ ತೆಗೆದಿಟ್ಟು ಸ್ವಿಚ್ ಹಾಕಿದಿರಿ. ಮಷೀನು ಅದುರಿತು, ತಗಡು ಸರಿಯಿತು. ಎಡಗೈಯ ಎರಡು ಬೆರಳು —

ಎಲ್ಲರೂ ನಿಮ್ಮನ್ನು ಕರೆದುಕೊಂಡು ಗೋಕಾಕದ ದವಾಖಾನೆಗೆ ಓಡಿದರು. ಮನೆಯಲ್ಲಿ ನಾನೊಬ್ಬಳೇ. ರಕ್ತ ತೊಳೆದೆ. ಬಟ್ಟಲಿನಿಂದ ಸ್ಕ್ರೂ ತೆಗೆದು ಒಂದೊಂದಾಗಿ ಬಿಗಿದೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವರೇ, ಮನೆಯೊಳಗೆ ಕಾಲಿಡುವ ಮೊದಲು ನೀವು ಮಷೀನಿನ ಹತ್ತಿರ ಹೋದಿರಿ. ತಗಡನ್ನು ಅಲುಗಾಡಿಸಿ ನೋಡಿದಿರಿ.

"ತಗಡು ಸರದಂಗಾತು ಅಂತ ಅನ್ಕೊಂಡಿದ್ನಿ. ಬಿಗಿ ಐತಿ. ಹಂಗಾದ್ರ ಇದು ತಾಯಿ ಕೊಟ್ಟ ಶಿಕ್ಷಾ."

ನಿಮ್ಮ ಕಣ್ಣನ್ನೇ ನೀವು ನಂಬದಂತೆ ಮಾಡಿದೆ ನಾನು. ಅಂದಿನಿಂದ ಓಣಿಗೆ ನೀವು ಪೂಜೆ ಕೆಡಿಸಿ ಶಿಕ್ಷೆ ಉಂಡವರು. ಯಾರೂ ಎದುರಿಗೆ ಅನ್ನಲಿಲ್ಲ, ಬೆನ್ನ ಹಿಂದೆ ಅನ್ನದವರಿಲ್ಲ. ನೀವು ಮತ್ತೆ ಯಾವ ಮಷೀನಿಗೂ ಕೈ ಹಚ್ಚಲಿಲ್ಲ. ಉಳಿದ ಬೆರಳುಗಳಲ್ಲೇ ಕೈರಂದಾ ಹಿಡಿದು ಬಾಗಿಲು, ಮಂಚ ಮಾಡಿದಿರಿ. ಪ್ರತಿ ಖಂಡೇಪೂಜೆಗೆ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದ್ದ ಆ ಮಷೀನಿನ ಮುಂದೆ ನಿಂತು "ತಪ್ಪಾತು ತಾಯಿ" ಎನ್ನುತ್ತಿದ್ದಿರಿ. ಬಾಜೂಕ್ಕೆ ಆರತಿ ತಟ್ಟೆ ಹಿಡಿದು ನಿಂತವಳು ನಾನು. ಮಾಡದ ತಪ್ಪಿಗೆ ಮನುಷ್ಯನೊಬ್ಬ ಅಷ್ಟು ಮನಸಾರೆ ಬಾಗಬಲ್ಲನೇ ಎಂದು ಬೆರಗಾಗುತ್ತಿತ್ತು — ನಾಚಿಕೆಗಿಂತ ಬೆರಗೇ ಹೆಚ್ಚು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಈ ವರ್ಷ ನಿಮ್ಮ ಮಗ ಅದನ್ನು ಗುಜರಿಗೆ ಹಾಕೋಣ ಎಂದಾಗ ನಾನು ಅಡ್ಡ ನಿಂತೆ, ನಾನೇ ರಿಪೇರಿ ಮಾಡುತ್ತೇನೆ ಎಂದೆ. "ರೊಟ್ಟಿ ಯಾರು ಬಡೀತಾರ, ಮಷೀನೇನ?" ಎಂದು ಅವರು ನಕ್ಕರು. ಮೊಬೈಲಿನಲ್ಲಿ ನೋಡಿ ನೋಡಿ ಬಿಚ್ಚಿದೆ. ಹುಕ್ಕೇರಿಯ ನನ್ನ ತಮ್ಮ ಮೋಟಾರಿಗೆ ಹೊಸ ತಂತಿ ಸುತ್ತಿಕೊಟ್ಟ. ಬೇರಿಂಗು, ಬೆಲ್ಟು ಗೋಕಾಕದಿಂದ ತಂದೆ. ತುಕ್ಕು ಉಜ್ಜುತ್ತ ಹೋದಂತೆ ಒಳಗಿನಿಂದ ಬೂದುಬಣ್ಣದ ಬೀಡುಕಬ್ಬಿಣದ ಮೇಜು ಎದ್ದು ಬಂತು. ಸಮ ಇದೆಯೇ ಎಂದು ಉಕ್ಕಿನ ಪಟ್ಟಿ ಆನಿಸಿ ನೋಡಿದರೆ ಕೆಳಗೆ ಬೆಳಕೂ ನುಸುಳಲಿಲ್ಲ. ಯಾರೋ, ಎಲ್ಲೋ, ಎಂದೋ ಸಮ ಮಾಡಿದ್ದು — ನಾವು ಇಷ್ಟು ವರ್ಷ ಶಾಪಗ್ರಸ್ತವೆಂದು ಮೂಲೆಗೆ ತಳ್ಳಿದರೂ ಅದು ತನ್ನ ನೇರ ಬಿಟ್ಟಿರಲಿಲ್ಲ. ಚಾಲೂ ಮಾಡಿದಾಗ ಮೇಜಿನ ಮೇಲಿಟ್ಟ ಚಹಾ ತುಳುಕಲಿಲ್ಲ. ಸಾಗವಾನಿಯ ಹಲಗೆ ಒಂದು ಬದಿಯಿಂದ ಒರಟಾಗಿ ಹೋಗಿ ಇನ್ನೊಂದು ಬದಿಗೆ ರೇಷ್ಮೆಯಂತೆ ಬಂತು. ನನಗೆ ಅಳು ಬಂತು, ಮಾವ.

ಇಂದು ಖಂಡೇಪೂಜೆ. ತಾಡಪತ್ರಿ ಇಲ್ಲದ ಮಷೀನನ್ನು ನೀವು ಹೊಸ್ತಿಲಾಚೆಯಿಂದಲೇ ಬಹಳ ಹೊತ್ತು ನೋಡಿದಿರಿ. ಆಮೇಲೆ ನನ್ನನ್ನು ಕೇಳಿದಿರಿ, "ತಾಯಿ ಸಿಟ್ಟು ಇಳಿದೈತೇನವಾ?"

"ಇಳಿದೈತ್ರಿ ಮಾವಾರ" ಎಂದೆ.

ಬಾಯಿಗೆ ಬಂದದ್ದು ಮತ್ತೆ ಸುಳ್ಳೇ. ಆಗ ಹೊಸ ಸೊಸೆ, ಅಂಜಿದ್ದೆ ಎನ್ನಬಹುದಿತ್ತು. ಇಂದು ಏನೆಂದು ಹೇಳಲಿ — ನೀವು ಸಮಾಧಾನದಿಂದ ತಲೆಯಾಡಿಸಿ ಹೊರಟುಹೋದಿರಿ, ನಾನು ನೋಡುತ್ತಾ ನಿಂತೆ.

ನಾಳೆ ಸಂಜೆ ಓಣಿಯವರೆಲ್ಲ ದಸರೆಯ ಬನ್ನಿ ಎಲೆ ಕೊಟ್ಟು ಹಳೆಯ ಮುನಿಸು ಮರೆಯಲು ನಮ್ಮ ಕಟ್ಟೆಗೆ ಬರುತ್ತಾರೆ. ನಿಮ್ಮನ್ನು ಆಡಿಕೊಂಡವರೂ ಬರುತ್ತಾರೆ. ಕೋಣೆಯೊಳಗೆ ನಿಮ್ಮೊಬ್ಬರಿಗೇ ಹೇಳಿ ಹಗುರಾಗುವುದು ನನಗೆ ಬೇಡ; ಇಲ್ಲಿ ಬರೆದದ್ದನ್ನೆಲ್ಲ ಅವರೆದುರಿಗೇ ಹೇಳುತ್ತೇನೆ. ಆಮೇಲೆ ನಿಮ್ಮ ಕಾಲು ಮುಟ್ಟಲು ಬಾಗುತ್ತೇನೆ. ನನ್ನ ಕೈಗೆ ಬನ್ನಿ ಕೊಡುವುದೋ, ಕೊಡದೆ ಎದ್ದು ಒಳಗೆ ಹೋಗುವುದೋ ನಿಮಗೆ ಬಿಟ್ಟದ್ದು.