ಬೂದಿ ಗುಡ್ಡದ ಓಣಿ

ನನ್ನ ತವರು ದಂಡೋತಿಯಿಂದ ಈ ಓಣಿಗೆ ನಾನು ಸೊಸೆಯಾಗಿ ಬಂದದ್ದು ಹೈದರಾಬಾದಿನ ಪೊಲೀಸ್ ಆಕ್ಷನ್ ಮುಗಿದು ಜನ ಮತ್ತೆ ಬಾಗಿಲು ತೆರೆದಿಟ್ಟುಕೊಂಡು ಕೂಡತೊಡಗಿದ ಕಾಲದಲ್ಲಿ. ಶಹಾಬಾದಿಗೂ ವಾಡಿಗೂ ನಡುವೆ, ರೈಲು ಹಳಿಯ ಪಕ್ಕ, ಕಲ್ಲುಗಣಿಗಳಿಗೆ ಕರೆಂಟು ಕೊಡುವ ಒಂದು ಸಣ್ಣ ಪವರ್ ಹೌಸ್ ಇತ್ತು. ನನ್ನ ಗಂಡ ಅಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದರು. ನಮ್ಮ ಓಣಿಯಲ್ಲಿ ಅದರ ಕೂಲಿಯಿಂದ ಒಲೆ ಹೊತ್ತದ ಮನೆ ಇರಲಿಲ್ಲ.

ಓಣಿಯ ಬೆನ್ನಿಗೇ ಬೂದಿ ಗುಡ್ಡ. ಬಾಯ್ಲರಿನ ಬೂದಿಯನ್ನು ತಳ್ಳುಗಾಡಿಯಲ್ಲಿ ತಂದು ಸುರಿದು ಸುರಿದು ಅದು ನಮ್ಮ ಮಾಳಿಗೆಗಿಂತ ಎತ್ತರ ಬೆಳೆದಿತ್ತು. ಅದರೊಳಗೆ ಅರೆಬೆಂದ ಇದ್ದಲಿನ ತುಂಡುಗಳು ಸಿಗುತ್ತಿದ್ದವು. ಬೆಳಗಾದರೆ ಹೆಂಗಸರೆಲ್ಲ ಬುಟ್ಟಿ ಹಿಡಿದು ಹತ್ತುತ್ತಿದ್ದೆವು. ಮೊದಲ ಸಲ ಹತ್ತಿದಾಗ ಬರಿಗಾಲಿಗೆ ಬೆಚ್ಚಗೆನಿಸಿತು. ಚಳಿಯ ದಿನ, ಹಿತವಾಗಿಯೇ ಇತ್ತು. ಮನೆಗೆ ಬಂದು ಅತ್ತೆಗೆ ಹೇಳಿದೆ.

"ಬಿಸಿ ಹತ್ತಿದ ಕಡಿ ನಿಂದ್ರಬ್ಯಾಡ ಯವ್ವಾ. ಒಳಗ ಬೆಂಕಿ ಇನ್ನಾ ಅದಾ," ಎಂದರು ಅತ್ತೆ, ರೊಟ್ಟಿ ಬಡಿಯುತ್ತಲೇ.

ಮಳೆ ಬಿದ್ದಾಗ ಗುಡ್ಡ ಆರುವ ಬದಲು ಹೊಗೆಯಾಡಿತು. ಒಂದು ನಾಯಿ ಕಾಲು ಸುಟ್ಟುಕೊಂಡು ಓಣಿ ತುಂಬ ಊಳಿಡುತ್ತ ಓಡಿತು. ಮರುದಿನ ನಾವು ಮತ್ತೆ ಬುಟ್ಟಿ ಹಿಡಿದು ಹತ್ತಿದೆವು.

ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಇದ್ದಳು. ನಾವೆಲ್ಲ ಆಕೆಯನ್ನು ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದೆವು. ಇಬ್ಬರು ಗಂಡುಮಕ್ಕಳು, ದೊಡ್ಡವನು ಆ ಬೂದಿಯ ಗಾಡಿಯನ್ನೇ ತಳ್ಳುತ್ತಿದ್ದ. ಇದ್ದಲು ಯಾವುದು, ಬರೀ ಕಿಟ್ಟ ಯಾವುದು ಎಂದು ನನಗೆ ಕಲಿಸಿದವಳು ಆಕೆ. ಒಂದು ಬೆಳಗ್ಗೆ ಗುಡ್ಡ ಹತ್ತುವಾಗ ಆಕೆ ನನಗಿಂತ ಒಂದು ಮಾರು ಮುಂದಿದ್ದಳು. ಏನೋ ಹೇಳಿ ನಗುತ್ತ ತಿರುಗಿದಳು, ಕಾಲ ಕೆಳಗಿನ ಬೂದಿ ಹಪ್ಪಳದಂತೆ ಮುರಿಯಿತು. ಒಳಗೆಲ್ಲ ಕೆಂಪು. ಆಕೆ ಕೂಗಲೂ ಇಲ್ಲ, ಬಾಯಿ ಮಾತ್ರ ತೆರೆದಿತ್ತು. ನಾವು ಮೂವರು ಹಿಡಿದೆಳೆದೆವು.

ರೈಲಿನಲ್ಲಿ ಕಲಬುರ್ಗಿಯ ದವಾಖಾನೆಗೆ ಒಯ್ದರು. ತಿರುಗಿ ಬಂದಾಗ ಆಕೆಗೆ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ.

ಸುದ್ದಿ ಹೇಗೋ ಆಗಿನ ನಮ್ಮ ರಾಜಧಾನಿ ಹೈದರಾಬಾದಿಗೆ ಮುಟ್ಟಿ, ವಿಚಾರಣೆಗೆ ಒಬ್ಬ ಸಾಹೇಬರು ಬರುತ್ತಾರೆ ಎಂದಾಯಿತು. ಅವರು ವಿರುದ್ಧ ಬರೆದರೆ ಪವರ್ ಹೌಸ್ ಮುಚ್ಚಿ ತೆಲಂಗಾಣದ ಕಡೆ ಒಯ್ಯುತ್ತಾರೆ ಎಂಬ ಮಾತು ಹಬ್ಬಿತು. ಓಣಿಯವರೆಲ್ಲ ಬಸವಣ್ಣನ ಗುಡಿಯ ಕಟ್ಟೆಗೆ ಸೇರಿದೆವು. ಪವರ್ ಹೌಸಿನವರು ಯಾರೂ ಬಂದು ಹೀಗೆ ಹೇಳಿ, ಹಾಗೆ ಹೇಳಿ ಎನ್ನಲಿಲ್ಲ, ಹೆದರಿಸಲೂ ಇಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಕೂತವರೆಲ್ಲ ಒಬ್ಬರಾದ ಮೇಲೊಬ್ಬರು ಕಾಕುವಿನ ಮನೆಯ ಕಡೆ ನೋಡಿದರು, ಅಷ್ಟೇ. ಕಾಕುವಿನ ದೊಡ್ಡ ಮಗ ತಲೆ ತಗ್ಗಿಸಿ ಎದ್ದು ಹೋದ.

ಸಾಹೇಬರು ಬಂದರು. ಅವರಿಗೆ ಉರ್ದು ಮಾತ್ರ ಬರುತ್ತಿತ್ತು. ಜೊತೆಗಿದ್ದ ಗುಮಾಸ್ತ ಕನ್ನಡದಲ್ಲಿ ಕೇಳುತ್ತಿದ್ದ. ಕಾಕು ಹೊರಸಿನ ಮೇಲೆ ಕೂತಿದ್ದಳು. ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು.

"ನಮ್ಮ ಮನಿ ಒಲ್ಯಾಗ ನಾನಾ ಜೋಲಿ ಹೊಡದು ಬಿದ್ದೀನ್ರಿ," ಎಂದಳು ಕಾಕು.

ಸಾಹೇಬರು ಒಳಗೆ ಬಗ್ಗಿ ಒಲೆಯನ್ನು ನೋಡಿದರು. ಒಂದು ಹಂಚು ಹಿಡಿಯುವಷ್ಟೇ ಒಲೆ.

"ಇಷ್ಟ ಸಣ್ಣ ಒಲ್ಯಾಗ ಮೊಣಕಾಲ ತನಕ ಹ್ಯಾಂಗ ಸುಡ್ತು ಅಂತ ಕೇಳಾಕತ್ತಾರ," ಎಂದ ಗುಮಾಸ್ತ.

ಕಾಕು ಸೆರಗು ಎಳೆದು ಕಾಲಿನ ಮೊಂಡು ಮುಚ್ಚಿಕೊಂಡಳು. ಆಮೇಲೆ ನನ್ನ ಅತ್ತೆಯೇ ಮುಂದೆ ಬಂದು, "ಪವರ್ ಹೌಸ್ ನಮಗ ಬೇಕ್ರಿ ಸಾಹೇಬ್ರ," ಎಂದರು. ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಆದರೆ ಹಿಂದಿನಿಂದ ಎಲ್ಲರೂ "ಬೇಕ್ರಿ, ಬೇಕ್ರಿ" ಎಂದು ಕೂಗತೊಡಗಿದರು. ಸಾಹೇಬರು ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, ಟೋಪಿ ಸರಿಮಾಡಿಕೊಂಡು ಹೊರಟುಬಿಟ್ಟರು.

ಪವರ್ ಹೌಸ್ ಉಳಿಯಿತು. ಕಾಕುವಿನ ಸಣ್ಣ ಮಗನಿಗೂ ಅಲ್ಲಿ ಕೆಲಸ ಸಿಕ್ಕಿತು. ಪ್ರತಿ ಮನೆಯಿಂದ ಆಕೆಗೆ ರೊಟ್ಟಿ, ಪಲ್ಯ ಹೋಗುತ್ತಿತ್ತು. ಅದರಲ್ಲಿ ಓಣಿ ಎಂದೂ ತಪ್ಪಲಿಲ್ಲ. ಒಂದು ದಿನ ರೊಟ್ಟಿ ಕೊಡಲು ಹೋದಾಗ ಕೇಳಿದೆ: "ಕಾಕು, ಖರೇ ಯಾಕ ಹೇಳಲಿಲ್ಲ?"

ಆಕೆ ರೊಟ್ಟಿಯನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು. "ಹೇಳಿದ್ರ ಇವತ್ತ ನೀ ನನ್ನ ಬಾಗಲಿಗಿ ಬರ್ತಿದ್ದೇನು?"

ಹಿಂದಿನ ದಿನದ ಖಾಲಿ ತಟ್ಟೆ ಎತ್ತಿಕೊಂಡು ಮನೆಗೆ ಬಂದೆ.

ಗುಡ್ಡ ನಮ್ಮ ಮನೆಯತ್ತ ಸರಿಯುತ್ತಲೇ ಇತ್ತು. ನಾನು ಬಸುರಿಯಾದ ವರ್ಷ ಹಿತ್ತಲ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಅತ್ತೆ ಅದರ ಮೇಲೆ ಹಸಿ ಬಟ್ಟೆ ಒಣಹಾಕುತ್ತಿದ್ದರು. "ದಂಡೋತಿಗೆ ಹೋಗಿ ಇರೂಣ ನಡೀರಿ," ಎಂದೆ ಗಂಡನಿಗೆ.

"ಅಲ್ಲಿ ಬಿತ್ತಲಿಕ್ಕಿ ಹೊಲ ಎಲ್ಲ್ಯದ ನಮಗ?" ಎಂದರು. ಹಿತ್ತಲ ಗೋಡೆಯ ಮಣ್ಣು ಉದುರಿದ ಕಡೆ ಹಸಿ ಮಣ್ಣು ಮೆತ್ತಿ, ಕೈ ತೊಳೆದುಕೊಂಡು ಪಾಳಿಗೆ ಹೊರಟರು.

ಮಗು ಹುಟ್ಟಿದಾಗ ತೊಟ್ಟಿಲನ್ನು ಹಿತ್ತಲ ಗೋಡೆಯಿಂದ ದೂರ, ಎದುರುಗೋಡೆಯ ಹತ್ತಿರ ಕಟ್ಟಿಸಿಕೊಂಡೆ. ಅತ್ತೆ ಮಗುವಿನ ಹಸಿ ಬಟ್ಟೆಗಳನ್ನು ಹಿತ್ತಲ ಗೋಡೆಯ ಮೇಲೆ ಒಣಹಾಕಿದರು.